ಹೊಸದು ಹೊಳೆಯುವುದು ಹೇಗೆ?

‘ಮಗ ಎಂಜಿನಿಯರಿಂಗ್ ಓದ್ತಿದ್ದಾನೆ ಡಾಕ್ಟ್ರೇ, ತಲೆ ಚುರುಕಾಗೋಕೆ ಒಂದು ಟಾನಿಕ್ ಬರ್ಕೊಡಿ’ ಎಂಬ ಮಾತು ಪರೀಕ್ಷೆಯ ದಿನಗಳಲ್ಲಿ ವೈದ್ಯರೆಲ್ಲರ ಕಿವಿಗೂ ಬೀಳುತ್ತದೆ. ಈಚೆಗೆ ಇದರ ಜೊತೆಗೆ ಇನ್ನೊಂದು ಚಿಂತೆ ಸೇರಿಕೊಂಡಿದೆ. ಕಾಲೇಜಿನಲ್ಲಿ ‘ಹೊಸ ಐಡಿಯಾ ತನ್ನಿ’ ಎನ್ನುತ್ತಾರೆ. ಪಿಯುಸಿವರೆಗೆ ಬಾಯಿಪಾಠ ಮಾಡಿಯೇ ಒಳ್ಳೆಯ ಅಂಕ ತೆಗೆದ ಹುಡುಗನಿಗೆ ಅಥವಾ ಹುಡುಗಿಗೆ ಏನೂ ಹೊಳೆಯುವುದಿಲ್ಲ. ನಿದ್ದೆ ಕೆಡುತ್ತದೆ, ತಲೆನೋವು ಶುರುವಾಗುತ್ತದೆ. ಕೊನೆಗೆ ‘ನನಗೆ ಆ ಬುದ್ಧಿಯೇ ಇಲ್ಲ’ ಎಂಬ ಕೊರಗು ಮನಸ್ಸಿಗೆ ಹತ್ತುತ್ತದೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2021ರ ಪಠ್ಯಕ್ರಮದಲ್ಲಿ ಮೊದಲ ವರ್ಷದವರಿಗೇ ‘ಇನೋವೇಶನ್ ಅಂಡ್ ಡಿಸೈನ್ ಥಿಂಕಿಂಗ್’ ಎಂಬ ವಿಷಯವನ್ನು ಸೇರಿಸಿತು. ಹೊಸತನವನ್ನು ಪಾಠವಾಗಿ ಕಲಿಸಬಹುದೆ ಎಂದು ಅನೇಕ ಪೋಷಕರು ಕೇಳುತ್ತಾರೆ. ಕಲಿಸಬಹುದು. ಏಕೆಂದರೆ ಸೃಜನಶೀಲತೆ ದೈವದತ್ತ ವರವೇನಲ್ಲ, ಅದು ಮೆದುಳಿನ ಒಂದು ಅಭ್ಯಾಸ.

ಎಡ ಮೆದುಳು, ಬಲ ಮೆದುಳು

ಎಡ ಮೆದುಳು ಲೆಕ್ಕಕ್ಕೆ, ಬಲ ಮೆದುಳು ಕಲೆಗೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಭಾಷೆಯಂಥ ಕೆಲವು ಕೆಲಸಗಳು ಹೆಚ್ಚಾಗಿ ಒಂದು ಬದಿಯಲ್ಲಿ ನಡೆಯುವುದು ನಿಜ. ಆದರೆ ‘ಇವನು ಎಡ ಮೆದುಳಿನವನು, ಇವಳು ಬಲ ಮೆದುಳಿನವಳು’ ಎಂದು ಮನುಷ್ಯರನ್ನು ವಿಂಗಡಿಸಲು ಆಧಾರವಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್‌ಗಳನ್ನು ಪರಿಶೀಲಿಸಿದರು. ಅಂಥ ಎರಡು ಜಾತಿಯ ಜನ ಅವರಿಗೆ ಕಾಣಲಿಲ್ಲ.

ಹಾಗಾದರೆ ಹೊಸ ಉಪಾಯ ಹುಟ್ಟುವುದು ಎಲ್ಲಿ? ಮೆದುಳಿನ ದೂರದೂರದ ಭಾಗಗಳು ಒಂದಕ್ಕೊಂದು ಕೂಡಿಕೊಂಡು ಜಾಲಗಳಾಗಿ ಕೆಲಸ ಮಾಡುತ್ತವೆ. ನಾವು ಸುಮ್ಮನೆ ಕುಳಿತು ಹಗಲುಗನಸು ಕಾಣುವಾಗ ಚುರುಕಾಗುವ ಜಾಲವೊಂದಿದೆ. ಮಾರ್ಕಸ್ ರೈಕಲ್ ಎಂಬ ನರವಿಜ್ಞಾನಿ 2001ರಲ್ಲಿ ಇದರತ್ತ ಎಲ್ಲರ ಗಮನ ಸೆಳೆದರು. ಹಳೆಯ ನೆನಪುಗಳನ್ನು ಬೆರೆಸಿ ಹೊಸ ಚಿತ್ರ ಕಟ್ಟುವುದರಲ್ಲಿ ಇದರ ಪಾಲು ದೊಡ್ಡದು. ಇನ್ನೊಂದು ಜಾಲವು ಗಮನವಿಟ್ಟು ತೂಗಿ ನೋಡುವಾಗ, ತಪ್ಪು ಹುಡುಕುವಾಗ ಕೆಲಸ ಮಾಡುತ್ತದೆ. ಮೂರನೆಯದು ಇವೆರಡರ ನಡುವೆ ಸರದಿ ಬದಲಿಸಿಕೊಡುತ್ತದೆ. 163 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಮೂರು ಜಾಲಗಳ ನಡುವಿನ ನಂಟು ಬಲವಾಗಿದ್ದವರಿಗೆ ಹೆಚ್ಚು ಸ್ವಂತಿಕೆಯ ಉತ್ತರಗಳು ಹೊಳೆದವು.

ನಮ್ಮ ಕಡೆಯ ರಾಗಿ ಕಣವನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಮೊದಲು ಒಕ್ಕಬೇಕು, ಆಮೇಲೆ ತೂರಬೇಕು. ಕಾಳು ಉದುರುವ ಮೊದಲೇ ಜೊಳ್ಳು ಹುಡುಕುತ್ತ ಕುಳಿತರೆ ರಾಶಿಯಾಗುವುದಿಲ್ಲ. ಉಪಾಯಗಳ ವಿಷಯವೂ ಹೀಗೆಯೇ. ನಮ್ಮ ಮಕ್ಕಳಿಗೆ ತೂರುವುದನ್ನು ಚೆನ್ನಾಗಿ ಕಲಿಸಿದ್ದೇವೆ, ಒಕ್ಕುವುದನ್ನು ಕಲಿಸಿಲ್ಲ.

ಮಾದರಿ ತೋರಿಸಿದರೆ ಆಗುವ ತೊಂದರೆ

ಟೆಕ್ಸಾಸ್‌ನ ಇಬ್ಬರು ಸಂಶೋಧಕರು 1991ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ವಸ್ತುವನ್ನು ವಿನ್ಯಾಸ ಮಾಡಲು ಹೇಳಿ, ಕೆಲವರಿಗೆ ಮಾತ್ರ ಒಂದು ಮಾದರಿಯ ಚಿತ್ರ ಕೊಟ್ಟರು. ಚಿತ್ರ ನೋಡಿದವರು ಅದರಲ್ಲಿದ್ದ ದೋಷಗಳನ್ನೂ ತಮ್ಮ ವಿನ್ಯಾಸಕ್ಕೆ ಇಳಿಸಿಕೊಂಡರು! ಮೊದಲು ಕಂಡ ದಾರಿಗೆ ಮೆದುಳು ಬೇಗ ಅಂಟಿಕೊಳ್ಳುತ್ತದೆ. ಕೊನೆಯ ವರ್ಷದಲ್ಲಿ ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರುವವರು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ, ಸ್ವಂತವಾಗಿ ಹುಡುಕುವ ಅಭ್ಯಾಸವನ್ನೂ ಕಳೆದುಕೊಳ್ಳುತ್ತಾರೆ.

ತಾಯಿ ಕಲಿಸಿದ ಪಾಠ

ಡಿಸೈನ್ ಥಿಂಕಿಂಗ್ ಎಂಬುದರಲ್ಲಿ ಐದು ಮೆಟ್ಟಿಲುಗಳಿವೆ. ಬಳಸುವವರ ಕಷ್ಟವನ್ನು ಕಣ್ಣಾರೆ ಕಾಣುವುದು, ಸಮಸ್ಯೆ ಯಾವುದೆಂದು ಖಚಿತ ಮಾಡಿಕೊಳ್ಳುವುದು, ಹತ್ತಾರು ಉಪಾಯ ಯೋಚಿಸುವುದು, ಅಗ್ಗದ ಮಾದರಿ ಕಟ್ಟುವುದು, ಅದನ್ನು ಬಳಸುವವರ ಕೈಗೇ ಕೊಟ್ಟು ನೋಡಿ ತಿದ್ದುವುದು.

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಕಡಿಮೆ ಖರ್ಚಿನ ಇನ್‌ಕ್ಯುಬೇಟರ್ ಮಾಡುವ ಕೆಲಸ ಬಂತು. ಅವರಲ್ಲೊಬ್ಬರು ನೇಪಾಳಕ್ಕೆ ಹೋಗಿ ನೋಡಿದಾಗ ನಗರದ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಖಾಲಿ ಇದ್ದವು. ದಿನ ತುಂಬದೆ ಹುಟ್ಟಿದ ಕೂಸುಗಳು ದೂರದ ಹಳ್ಳಿಗಳಲ್ಲಿದ್ದವು. ಸಮಸ್ಯೆ ಯಂತ್ರದ ಬೆಲೆಯೊಂದೇ ಅಲ್ಲ, ವಿದ್ಯುತ್ ಸರಿಯಾಗಿಲ್ಲದ ಊರಿನಲ್ಲಿ ಮಗುವನ್ನು ಬೆಚ್ಚಗಿಡುವುದು ಎಂದು ಆಗ ತಿಳಿಯಿತು. ಹೀಗೆ ಹುಟ್ಟಿದ್ದು ‘ಎಂಬ್ರೇಸ್’ ಎಂಬ ಪುಟ್ಟ ಮಲಗುಚೀಲ. ಅದರೊಳಗಿನ ಮೇಣದಂಥ ವಸ್ತುವನ್ನು ಒಮ್ಮೆ ಕಾಯಿಸಿದರೆ ಹಲವು ಗಂಟೆ ಸುಮಾರು 37 ಡಿಗ್ರಿ ಸೆಲ್ಸಿಯಸ್ ಕಾವು ಉಳಿಯುತ್ತದೆ.

ತಂಡದವರು ಬೆಂಗಳೂರಿನಲ್ಲಿ ನೆಲೆಯೂರಿ ಅದನ್ನು ತಿದ್ದುತ್ತ ಹೋದರು. ಮೊದಲಿನ ಮಾದರಿಯಲ್ಲಿ ಕಾವಿನ ಅಂಕಿ ಕಾಣುತ್ತಿತ್ತು. ಹೇಳಿದಷ್ಟು ಕಾವು ಕೊಟ್ಟರೆ ಮಗುವಿಗೆ ಹೆಚ್ಚಾದೀತೆಂದು, ಸ್ವಲ್ಪ ಕಡಿಮೆಗೇ ನಿಲ್ಲಿಸುತ್ತೇನೆ ಎಂದರು ಹಳ್ಳಿಯ ಒಬ್ಬ ತಾಯಿ. ಕೂಸಿನ ಪ್ರಾಣಕ್ಕೇ ಅಪಾಯ ತರಬಹುದಾಗಿದ್ದ ಈ ಸಂಗತಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಂಕಿಯನ್ನು ತೆಗೆದು, ಕಾವು ಸರಿಯಿದೆಯೇ ಇಲ್ಲವೇ ಎಂದಷ್ಟೇ ತೋರಿಸುವ ಗುರುತು ಹಾಕಿದರು.

ಇಂಥ ಕೆಲಸಕ್ಕೆ ನಮ್ಮಲ್ಲೂ ಬೇಕಾದಷ್ಟು ಅವಕಾಶವಿದೆ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿಗೋ ಮೊಸಳೆಹೊಸಹಳ್ಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೋ ಹೋಗುವ ಹಳೇಕೋಟೆಯ ವಿದ್ಯಾರ್ಥಿ ತನ್ನ ಅಜ್ಜಿಯ ಮಾತ್ರೆಗಳನ್ನೇ ನೋಡಲಿ. ಬಿ.ಪಿ.ಯದೂ ಬಿಳಿ, ಸಕ್ಕರೆ ಕಾಯಿಲೆಯದೂ ಬಿಳಿ. ಓದು ಬಾರದ ಅಜ್ಜಿ ಬೆಳಗಿನದನ್ನು ರಾತ್ರಿ ನುಂಗಿದರೆ ತೊಂದರೆ. ಇದಕ್ಕೆ ಮೊಬೈಲ್ ಆಪ್ ಬೇಕೋ, ಬಣ್ಣದ ಎರಡು ಬಟ್ಟೆ ಚೀಲ ಸಾಕೋ? ಉತ್ತರ ಅಜ್ಜಿಯ ಬಳಿ ಒಂದು ದಿನ ಕುಳಿತವನಿಗೆ ಸಿಗುತ್ತದೆ.

ನಿದ್ದೆ ಮತ್ತು ಭಯ

ಜರ್ಮನಿಯಲ್ಲಿ 2004ರಲ್ಲಿ ಒಂದು ಪ್ರಯೋಗ ನಡೆಯಿತು. ಲೆಕ್ಕವೊಂದರಲ್ಲಿ ಅಡಗಿದ್ದ ಸುಲಭ ಸೂತ್ರವು, ಎಂಟು ಗಂಟೆ ನಿದ್ದೆ ಮಾಡಿ ಬಂದವರಲ್ಲಿ ಶೇಕಡ 59 ಮಂದಿಗೆ ಹೊಳೆಯಿತು. ಎಚ್ಚರವಾಗಿದ್ದವರಲ್ಲಿ ಹೊಳೆದದ್ದು ಶೇಕಡ 23 ಮಂದಿಗೆ ಮಾತ್ರ. ಪ್ರಯೋಗ ಚಿಕ್ಕದು, ಆದರೂ ನಿದ್ದೆಯಲ್ಲಿ ಮೆದುಳು ಹಗಲಿನ ಕಲಿಕೆಯನ್ನು ಜೋಡಿಸಿಡುತ್ತದೆ ಎಂಬುದಕ್ಕೆ ಬೇರೆ ಆಧಾರಗಳೂ ಇವೆ. ನಡಿಗೆಯಿಂದಲೂ ಉಪಾಯಗಳು ಹೆಚ್ಚುತ್ತವೆ ಎಂದು 2014ರ ಅಧ್ಯಯನವೊಂದು ತೋರಿಸಿದೆ.

ಭಯದ ಪರಿಣಾಮ ಇದಕ್ಕೆ ವಿರುದ್ಧವಾದುದು. ಹೆದರಿದಾಗ ಏರುವ ರಾಸಾಯನಿಕಗಳು ಹಣೆಯ ಹಿಂದಿನ ಮೆದುಳಿನ ಭಾಗವನ್ನು ಮಂದಗೊಳಿಸುತ್ತವೆ. ಆಗ ಮೆದುಳು ಹಳೆಯ ರೂಢಿಗೇ ಜಾರುತ್ತದೆ. ಬೈಗುಳಕ್ಕೆ ಹೆದರಿ ಕುಳಿತವರಿಗೆ ಹೊಸದು ಹೊಳೆಯುವುದು ಕಷ್ಟ.

ಪೋಷಕರಿಗೆ ಕೆಲವು ಸಲಹೆಗಳು

1. ಮಕ್ಕಳು ಏಳೆಂಟು ಗಂಟೆ ನಿದ್ದೆ ಮಾಡಲಿ. ಮಲಗುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ.

2. ದಿನವೂ ಅರ್ಧ ಗಂಟೆ ನಡೆಯಲಿ. ಸುಮ್ಮನೆ ಕುಳಿತಿರುವುದನ್ನು ಕಂಡ ಕೂಡಲೇ ಸೋಮಾರಿತನವೆಂದು ಗದರಬೇಡಿ.

3. ಹೊಸ ಮಾತು ಹೇಳಿದಾಗ ‘ಇದಾಗೋ ಕೆಲಸವಲ್ಲ’ ಎನ್ನುವ ಮೊದಲು ‘ಇನ್ನೂ ಹೇಗೆ ಮಾಡಬಹುದು?’ ಎಂದು ಕೇಳಿ. ತೂರುವುದು ಆಮೇಲಿರಲಿ.

4. ಗುಂಪಿನಲ್ಲಿ ಯೋಚಿಸುವ ಮುನ್ನ ಒಬ್ಬೊಬ್ಬರೂ ತಮ್ಮ ಉಪಾಯಗಳನ್ನು ಬರೆದಿಟ್ಟುಕೊಳ್ಳಲಿ. ಇಲ್ಲವಾದರೆ ಜೋರಾಗಿ ಮಾತಾಡುವವರ ಉಪಾಯವೇ ಉಳಿಯುತ್ತದೆ.

5. ಬುದ್ಧಿ ಹೆಚ್ಚಿಸುವ ಟಾನಿಕ್ ಎಂಬುದಿಲ್ಲ. ಸುಸ್ತು, ಮರೆವು ಇದ್ದರೆ ರಕ್ತಹೀನತೆ, ಬಿ-12 ಕೊರತೆ, ಥೈರಾಯ್ಡ್ ತೊಂದರೆ ಇವೆಯೇ ಎಂದು ಪರೀಕ್ಷೆ ಮಾಡಿಸಿ. ನಿದ್ದೆ ಬಾರದಿರಲೆಂದು ಮಾತ್ರೆ ನುಂಗುವುದು ಅಪಾಯ.

6. ಎರಡು ವಾರ ಮೀರಿ ನಿದ್ದೆಗೆಟ್ಟು, ಮಾತು ಕಡಿಮೆ ಮಾಡಿ, ‘ನಾನು ಯಾವುದಕ್ಕೂ ಬಾರದವ’ ಎನ್ನುತ್ತಿದ್ದರೆ ಅದನ್ನು ಓದಿನ ಸೋಮಾರಿತನವೆಂದು ತಿಳಿಯದೆ ವೈದ್ಯರಿಗೆ ತೋರಿಸಿ. ಬದುಕೇ ಬೇಡ ಎಂಬ ಮಾತು ಬಾಯಿಗೆ ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.