ಕಾರಿನ ಕ್ಯಾಮರಾಕ್ಕೆ ಕರೆಂಟು ಎಲ್ಲಿಂದ ಬಂತು?

ಎಂಬತ್ತರ ದಶಕದಲ್ಲಿ ಮುಂಬಯಿಯಿಂದ ಊರಿಗೆ ಹೊರಡುವವರಿಗೆ ವಿಡಿಯೋ ಕೋಚ್ ಬಸ್ಸು ಎಂದರೆ ದೊಡ್ಡ ಆಕರ್ಷಣೆ. ಚಾಲಕನ ಬೆನ್ನ ಹಿಂದೆ ಮೇಲ್ಗಡೆ ಒಂದು ಟಿವಿ ಪೆಟ್ಟಿಗೆ, ರಾತ್ರಿ ಊಟದ ಬಳಿಕ ಒಂದು ಸಿನಿಮಾ. ಹಗಲು ಕ್ಯಾಂಟೀನಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿಯುತ್ತಿದ್ದ ಕಾಲದಲ್ಲಿ ನಾನೂ ಆ ಪರದೆಯನ್ನು ನೋಡುತ್ತಾ ಘಟ್ಟದ ತಿರುವುಗಳನ್ನು ಮರೆತವನೇ. ಆ ಪೆಟ್ಟಿಗೆಗೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಒಮ್ಮೆಯೂ ಯೋಚಿಸಿದ್ದಿಲ್ಲ.

ಈಗ ಬಸ್ಸಿನ ಆ ವೈಭವ ನಮ್ಮ ನಮ್ಮ ಕಾರಿನೊಳಗೆ ಬಂದಿದೆ. ಸಂಘದ ವಾರ್ಷಿಕೋತ್ಸವಕ್ಕೆ ಬಂದು ನಿಂತ ಕಾರುಗಳನ್ನು ಒಮ್ಮೆ ಗಮನಿಸಿ. ಮುಂದೆ ದೊಡ್ಡ ಟಚ್ ಸ್ಕ್ರೀನು, ಸೀಟಿನ ಹಿಂಬದಿಯಲ್ಲಿ ಮಕ್ಕಳಿಗೆ ಟಿವಿ, ಗಾಜಿನ ಮೇಲೆ ಡ್ಯಾಶ್ ಕ್ಯಾಮರಾ, ನಂಬರ್ ಪ್ಲೇಟಿನ ಮೇಲೆ ರಿವರ್ಸ್ ಕ್ಯಾಮರಾ. ಇವುಗಳಲ್ಲಿ ಎಷ್ಟೋ ಕಾರು ತಯಾರಿಸಿದ ಕಂಪೆನಿಯವರು ಹಾಕಿದ್ದಲ್ಲ, ನಾವು ಹೊರಗಿನ ಅಂಗಡಿಯಲ್ಲಿ ಹಾಕಿಸಿಕೊಂಡದ್ದು. ಹಾಕಿಸುವಾಗ ಬೆಲೆ ಕೇಳುತ್ತೇವೆ, ಚಿತ್ರ ಸ್ಪಷ್ಟ ಬರುತ್ತದೆಯೇ ಎಂದು ನೋಡುತ್ತೇವೆ. ವಯರ್ ಎಲ್ಲಿಂದ ಎಳೆದರು ಎಂದು ಕೇಳುವವರು ಕಡಿಮೆ. ಕೇಳದಿದ್ದವರಲ್ಲಿ ನಾನೂ ಒಬ್ಬ. ಅದರ ಅನುಭವವನ್ನು ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಆ ರಾತ್ರಿ ನಡೆದದ್ದು

2022ರ ಮಳೆಗಾಲ. ವಡಾಲದಲ್ಲಿ ನಮ್ಮ ಕಟ್ಟಡದ ಎದುರು ನಿಲ್ಲಿಸುವ ಕಾರಿಗೆ ಯಾರೋ ಗೀರು ಹಾಕಿ ಹೋಗುತ್ತಿದ್ದರು. ಗಾಡಿ ನಿಂತಿರುವಾಗಲೂ ಚಿತ್ರ ತೆಗೆಯುವ ಕ್ಯಾಮರಾ ಇದೆ ಎಂದು ತಿಳಿದು, ಒಂದು ಶನಿವಾರ ಸಂಜೆ ಹಾಕಿಸಿದೆ. ಅರ್ಧ ಗಂಟೆಯ ಕೆಲಸ. ರವಿವಾರ ಸಂಜೆ ಒಂದು ಸಮಾರಂಭ ಮುಗಿಸಿ ಬಂದು ಗಾಡಿ ನಿಲ್ಲಿಸಿದ್ದು, ಬುಧವಾರ ಬೆಳಗಿನ ಜಾವ ಎರಡೂವರೆಗೆ ನನ್ನ ಪತ್ನಿ ಎದೆ ಹಿಡಿದುಕೊಂಡು ಎದ್ದು ಕೂತಳು. ಬೆವರು, ವಾಂತಿ. ಕೈ ಹಿಡಿದು ಕೆಳಗಿಳಿಸಿ ಕಾರಿನಲ್ಲಿ ಕೂರಿಸಿ ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎಂಬ ಸದ್ದು ಬಿಟ್ಟು ಮತ್ತೇನೂ ಇಲ್ಲ. ಹೊರಗೆ ಜಡಿಮಳೆ. ವಾಚ್‌ಮನ್ ಓಡಿಹೋಗಿ ಟ್ಯಾಕ್ಸಿ ಹಿಡಿದು ತರುವಾಗ ನಲ್ವತ್ತು ನಿಮಿಷ ಕಳೆದಿತ್ತು. ಆ ನಲ್ವತ್ತು ನಿಮಿಷ ನನ್ನ ಬಾಳಿನಲ್ಲಿ ಅತಿ ಉದ್ದದ್ದು. ದೇವರ ದಯೆ, ಅದು ಹೃದಯದ್ದಲ್ಲ, ಪಿತ್ತಕೋಶದ ಕಲ್ಲಿನ ನೋವು ಎಂದರು ವೈದ್ಯರು.

ಮರುದಿನ ಬಂದು ನೋಡಿದವರು ಗುಲ್ಬರ್ಗ ಕಡೆಯ ಒಬ್ಬ ಆಟೋ ಇಲೆಕ್ಟ್ರಿಷಿಯನ್. "ಬ್ಯಾಟರಿ ಕೆಟ್ಟಿಲ್ರೀ ಸರ, ನೀವು ಮಲಗಿದ್ರೂ ನಿಮ್ಮ ಕ್ಯಾಮರಾ ಮಲಗಿಲ್ಲ" ಎಂದರು.

ಬ್ಯಾಟರಿಯ ಲೆಕ್ಕ

ಬ್ಯಾಂಕಿನಲ್ಲಿ ಮೂರು ದಶಕ ಕಳೆದ ನನಗೆ ಅವರ ಮಾತು ಲೆಕ್ಕದ ರೂಪದಲ್ಲೇ ಅರ್ಥವಾಯಿತು. ಕಾರಿನ ಬ್ಯಾಟರಿ ಒಂದು ಉಳಿತಾಯ ಖಾತೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಅದಕ್ಕೆ ಜಮಾ ಮಾಡುತ್ತದೆ. ಎಂಜಿನ್ ನಿಂತ ಮೇಲೆ ಬರೀ ಖರ್ಚು. ನನ್ನ ಕ್ಯಾಮರಾ 5 ವ್ಯಾಟಿನದ್ದು. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 0.4 ಆಂಪಿಯರ್. ಕೇಳಲು ಅತ್ಯಲ್ಪ. ಆದರೆ 24 ಗಂಟೆಗೆ ಸುಮಾರು 10 ಆಂಪಿಯರ್-ಅವರ್ ಆಯಿತು. ನನ್ನಂಥವರ ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಶಕ್ತಿ 35. ರವಿವಾರ ಸಂಜೆಯಿಂದ ಬುಧವಾರ ಬೆಳಗಿನ ಜಾವಕ್ಕೆ 23 ಖರ್ಚು, ಅಂದರೆ ಮೂರರಲ್ಲಿ ಎರಡು ಪಾಲು. ಮೂರು ವರ್ಷ ಹಳೆಯ ಬ್ಯಾಟರಿಯಲ್ಲಿ ಆ 35 ಕೂಡ ಉಳಿದಿರುವುದಿಲ್ಲ. ಸ್ಟಾರ್ಟರ್ ಮೋಟರಿಗೋ ಒಮ್ಮೆಲೇ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು. ಚೆಕ್ ಬೌನ್ಸ್ ಆಗದೆ ಇನ್ನೇನಾದೀತು?

ಇದಕ್ಕೆ ಉಪಾಯ ಇದೆ. ಎಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕೆ ಇಳಿದರೆ ಕಾಲು ಭಾಗದಷ್ಟು ಉಳಿದಿದೆ ಎಂದು ಲೆಕ್ಕ. ವೋಲ್ಟೇಜ್ ಇಳಿದಾಗ ಕ್ಯಾಮರಾವನ್ನು ತಾನಾಗಿ ಕಡಿದು ಹಾಕುವ ಹಾರ್ಡ್‌ವಯರ್ ಕಿಟ್ ಸಿಗುತ್ತದೆ. ಖಾತೆಯಲ್ಲಿ ಮಿನಿಮಮ್ ಬ್ಯಾಲೆನ್ಸ್ ಇಟ್ಟಂತೆ. ಅದರಲ್ಲಿ 11.6, 11.8, 12, 12.2 ಮುಂತಾಗಿ ಆಯ್ಕೆ ಇರುತ್ತದೆ. ನಮ್ಮಂತೆ ವಾರಕ್ಕೊಮ್ಮೆ ಗಾಡಿ ತೆಗೆಯುವವರು ಮೇಲಿನ ಅಂಕಿಯನ್ನೇ ಇಟ್ಟುಕೊಳ್ಳುವುದು ಕ್ಷೇಮ. ನನ್ನ ಗಾಡಿಗೆ ಆ ಕಿಟ್ ಹಾಕಿಯೇ ಇರಲಿಲ್ಲ.

ಬಾನೆಟ್ ತೆರೆದಾಗ ಕಂಡದ್ದು

ಆದರೆ ಬ್ಯಾಟರಿ ಖಾಲಿಯಾದದ್ದು ಸಣ್ಣ ವಿಷಯ. ಬಾನೆಟ್ ತೆರೆದ ಆ ಇಲೆಕ್ಟ್ರಿಷಿಯನ್ ಸುಮ್ಮನಾಗಿಬಿಟ್ಟರು. ಬ್ಯಾಟರಿಯ ಪ್ಲಸ್‌ನಿಂದ ಒಂದು ಕೆಂಪು ವಯರ್ ನೇರವಾಗಿ ತಗಡಿನ ತೂತಿನ ಮೂಲಕ ಒಳಗೆ ಹೋಗಿತ್ತು. ನಡುವೆ ಫ್ಯೂಸ್ ಇಲ್ಲ. ತೂತಿಗೆ ರಬ್ಬರ್ ಬುಷ್ ಇಲ್ಲ. ಎಳೆಯುವಾಗಲೇ ತಗಡಿನ ಅಂಚು ತಾಗಿ ವಯರಿನ ಸಿಪ್ಪೆ ಸೀಳಿತ್ತು. ತಾಮ್ರ ಕಾಣಿಸುವುದೊಂದು ಬಾಕಿ.

ಇದರಲ್ಲಿ ಅಪಾಯವೇನು ಎಂದು ಕೇಳಬಹುದು. ಮನೆಯ 230 ವೋಲ್ಟಿಗೆ ನಾವು ಹೆದರುತ್ತೇವೆ, ಕಾರಿನ 12 ವೋಲ್ಟ್ ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ. ಆದುದರಿಂದ ಅಸಡ್ಡೆ. ಆದರೆ 12 ವೋಲ್ಟ್ ಶಾಕ್ ಹೊಡೆಯದಿದ್ದರೂ ಸುಡುತ್ತದೆ. ಮನೆಯಲ್ಲಿ 60 ವ್ಯಾಟಿನ ಉಪಕರಣ ಎಳೆಯುವುದು ಸುಮಾರು ಕಾಲು ಆಂಪಿಯರ್. ಕಾರಿನಲ್ಲಿ ಅದೇ 60 ವ್ಯಾಟಿಗೆ 5 ಆಂಪಿಯರ್ ಬೇಕು. ವಯರ್ ಬಿಸಿಯಾಗುವುದು ಆಂಪಿಯರಿನ ವರ್ಗಕ್ಕೆ ತಕ್ಕಂತೆ: ಆಂಪಿಯರ್ ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟು. ಮೇಲಾಗಿ ಕಾರಿನ ಇಡೀ ತಗಡು ಬ್ಯಾಟರಿಯ ಮೈನಸ್‌ಗೆ ಸೇರಿಕೊಂಡಿದೆ. ಪ್ಲಸ್ ವಯರಿನ ತಾಮ್ರ ಎಲ್ಲಿ ತಗಡಿಗೆ ತಾಗಿದರೂ ಶಾರ್ಟ್ ಸರ್ಕ್ಯೂಟ್. ನೂರಾರು ಆಂಪಿಯರ್ ಒಮ್ಮೆಲೇ ಹರಿದು ಸಪೂರ ವಯರ್ ಕ್ಷಣದಲ್ಲಿ ಕೆಂಡವಾಗುತ್ತದೆ. ಅದರ ಪಕ್ಕದಲ್ಲೇ ಪ್ಲಾಸ್ಟಿಕ್, ಫೋಮ್, ಕಾರ್ಪೆಟ್.

2010ರಲ್ಲಿ ಕೆಲವು ಟಾಟಾ ನ್ಯಾನೋ ಕಾರುಗಳಿಗೆ ಬೆಂಕಿ ಹತ್ತಿದ್ದು ಹಲವರಿಗೆ ನೆನಪಿರಬಹುದು. ಅವುಗಳಲ್ಲಿ ಒಂದು, ಆ ವರ್ಷದ ಮಾರ್ಚಿನಲ್ಲಿ, ನಮ್ಮ ಮುಂಬಯಿಯಲ್ಲೇ ಶೋರೂಮಿನಿಂದ ಮನೆಗೆ ಹೊರಟಿದ್ದ ಹೊಸ ಕಾರು. ತನಿಖೆ ನಡೆಸಿದ ಕಂಪೆನಿಯು, ಕಾರಿನ ವಿನ್ಯಾಸದಲ್ಲಿ ದೋಷವಿಲ್ಲ, ಹೆಚ್ಚುವರಿಯಾಗಿ ಜೋಡಿಸಿದ ವಿದ್ಯುತ್ ಉಪಕರಣ ಅಥವಾ ಸೈಲೆನ್ಸರ್ ಭಾಗದಲ್ಲಿ ಉಳಿದ ಹೊರವಸ್ತು ಕಾರಣ ಎಂದು ಹೇಳಿತು. ಆದರೂ ಅದೇ ನವೆಂಬರಿನಲ್ಲಿ ಆ ಎರಡೂ ಭಾಗಗಳಿಗೆ ಹೆಚ್ಚಿನ ರಕ್ಷಣೆಯನ್ನು ಉಚಿತವಾಗಿ ಹಾಕಿಕೊಡಲು ಮುಂದಾಯಿತು. ಯಾವ ಕಾರಿನಲ್ಲಿ ಯಾವ ಕಾರಣ ಎಂಬ ವಾದ ನಮಗೆ ಬೇಡ. ಹೊರಗಿನಿಂದ ಸೇರಿಸಿದ ಒಂದು ವಯರನ್ನು ತಯಾರಕರೇ ಬೆಂಕಿಯ ಕಾರಣಗಳ ಪಟ್ಟಿಯಲ್ಲಿ ಸೇರಿಸುತ್ತಾರೆ ಎಂಬುದನ್ನು ಮರೆಯಬಾರದು.

ಕೇಳಬೇಕಾದ ಮೂರು ಪ್ರಶ್ನೆ

ಪರದೆಯಾಗಲಿ ಕ್ಯಾಮರಾವಾಗಲಿ, ಹಾಕಿಸುವಾಗ ಮೂರು ಪ್ರಶ್ನೆ ಕೇಳಿ.

ಮೊದಲನೆಯದು, ಪ್ಲಸ್ ಎಲ್ಲಿಂದ? ಕಾರಿನಲ್ಲಿ ಸದಾ ಕರೆಂಟು ಇರುವ ಲೈನು ಬೇರೆ, ಕೀಲಿ ತಿರುಗಿಸಿದಾಗ ಮಾತ್ರ ಬರುವ ಲೈನು ಬೇರೆ. ಹೊರಗೆ ಕೊಳ್ಳುವ ಸ್ಟೀರಿಯೋದ ಹಿಂದೆ ಸಾಮಾನ್ಯವಾಗಿ ಹಳದಿ ವಯರ್ ಸದಾಕಾಲದ್ದು, ಕೆಂಪು ಕೀಲಿಯದ್ದು, ಕಪ್ಪು ಅರ್ತ್. ಆದರೆ ಕಾರಿನ ಸ್ವಂತ ವಯರುಗಳ ಬಣ್ಣ ಕಂಪೆನಿಗೊಂದು ತರಹ, ಮೀಟರ್ ಇಟ್ಟು ನೋಡಿಯೇ ತಿಳಿಯಬೇಕು. ಮಕ್ಕಳ ಟಿವಿ ಕೀಲಿಯ ಲೈನಿನಲ್ಲೇ ಇರಲಿ. ಗಾಡಿ ಬಂದ್ ಮಾಡಿದಾಗ ಅದೂ ಬಂದ್ ಆಗುತ್ತದೆ. ರಿವರ್ಸ್ ಕ್ಯಾಮರಾಕ್ಕೆ ಹಿಂದಿನ ರಿವರ್ಸ್ ಲೈಟಿನಿಂದ ಕರೆಂಟು ತೆಗೆಯುವುದು ರೂಢಿ. ಕಂಪ್ಯೂಟರ್ ನಿಯಂತ್ರಣದ ಹೊಸ ಗಾಡಿಗಳಲ್ಲಿ ನಡುವೆ ರಿಲೇ ಹಾಕಿಸುವುದು ಒಳ್ಳೆಯದು. ಏರ್‌ಬ್ಯಾಗ್ ಮತ್ತು ಎ.ಬಿ.ಎಸ್. ಬ್ರೇಕಿನ ಫ್ಯೂಸಿನಿಂದ ಮಾತ್ರ ಎಂದಿಗೂ ಕರೆಂಟು ತೆಗೆಯಬಾರದು.

ಎರಡನೆಯದು, ಫ್ಯೂಸ್ ಎಲ್ಲಿ, ಎಷ್ಟರದ್ದು? ಫ್ಯೂಸ್ ಇರುವುದು ಕ್ಯಾಮರಾವನ್ನು ಉಳಿಸಲು ಎಂದು ನಾನೂ ತಿಳಿದಿದ್ದೆ. ಅಲ್ಲ, ಅದು ವಯರನ್ನು ಉಳಿಸಲು. ಆದುದರಿಂದ ಬ್ಯಾಟರಿಯಿಂದ ನೇರ ಎಳೆದರೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ನನ್ನ 5 ವ್ಯಾಟಿನ ಕ್ಯಾಮರಾಕ್ಕೆ 2 ಆಂಪಿಯರ್ ಧಾರಾಳ. ಕೆಂಪು ಫ್ಯೂಸ್ 10ರದ್ದು, ನೀಲಿ 15, ಹಳದಿ 20. ಫ್ಯೂಸ್ ಪದೇ ಪದೇ ಹೋಗುತ್ತದೆ ಎಂದು ದೊಡ್ಡದನ್ನು ಹಾಕುವುದು, ಜ್ವರ ಇಳಿಯಲಿಲ್ಲವೆಂದು ಥರ್ಮಾಮೀಟರ್ ಒಡೆದಂತೆ.

ಮೂರನೆಯದು, ವಯರ್ ಯಾವ ದಾರಿಯಲ್ಲಿ ಹೋಗಿದೆ, ಅರ್ತ್ ಎಲ್ಲಿ ಕೊಟ್ಟಿದೆ? ತಗಡು ದಾಟುವಲ್ಲಿ ರಬ್ಬರ್ ಬುಷ್ ಬೇಕು. ಅರ್ತನ್ನು ಬಣ್ಣ ಕೆರೆದ ಗಟ್ಟಿ ಬೋಲ್ಟಿಗೆ ಬಿಗಿಯಬೇಕು. ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ ಏರ್‌ಬ್ಯಾಗ್ ಇದ್ದರೆ ವಯರ್ ಅದರ ಹಿಂದಿನಿಂದ ಹೋಗಬೇಕು, ಎದುರಿನಿಂದ ಅಲ್ಲ. ವಯರ್ ತಿರುಚಿ ಟೇಪ್ ಸುತ್ತಿದ ಜೋಡಣೆ ಮುಂಬಯಿಯ ಸೆಕೆಗೆ ಬಿಚ್ಚಿಕೊಳ್ಳುತ್ತದೆ.

ಇನ್ನೂ ಒಂದೆರಡು ಮಾತು. ಕಂಪೆನಿ ಹಾಕದ ಇಲೆಕ್ಟ್ರಿಕ್ ಸಾಮಾನನ್ನು ವಿಮಾ ಪಾಲಿಸಿಯಲ್ಲಿ ಘೋಷಿಸಬೇಕಾಗುತ್ತದೆ. ಅದಕ್ಕಾಗಿಯೇ ಐ.ಎಂ.ಟಿ. 24 ಎಂಬ ಷರತ್ತು ಇದೆ. ಬಿಲ್ಲು ತೆಗೆದುಕೊಳ್ಳದೆ ಹಾಕಿಸಿದ ವಸ್ತುವಿಗೆ ನಾಳೆ ಏನೆಂದು ಕ್ಲೇಮ್ ಕೇಳುವುದು? ಇನ್ನು ಸಿನಿಮಾ ತೋರಿಸುವ ಪರದೆ ಹಿಂದಿನ ಸೀಟಿನವರಿಗೆ ಮಾತ್ರ ಇರಲಿ. ಚಾಲಕನ ಕಣ್ಣು ರಸ್ತೆಯ ಮೇಲಿರಲಿ.

ಚೌತಿಗೆ, ಮೇ ರಜೆಗೆ, ಮದುವೆ-ಕೋಲಗಳಿಗೆ ಕುಟುಂಬ ಸಮೇತ ಕಾರಿನಲ್ಲೇ ಊರಿಗೆ ಹೊರಡುವವರು ನಮ್ಮಲ್ಲಿ ಬಹಳ. ಒಂಬೈನೂರು ಕಿಲೋಮೀಟರಿನ ದಾರಿ. ಹೊರಡುವ ಮುನ್ನ ಟಯರಿನ ಗಾಳಿ ನೋಡುವ ನಾವು, ಒಮ್ಮೆ ಬಾನೆಟ್ ತೆರೆಸಿ ಬ್ಯಾಟರಿಯ ಪ್ಲಸ್‌ನಲ್ಲಿ ಕಂಪೆನಿಯದ್ದಲ್ಲದ ವಯರ್ ಏನಾದರೂ ಇದೆಯೇ ಎಂದು ನೋಡಿಸಿದರೆ ನಷ್ಟವೇನಿಲ್ಲ.

ನನ್ನ ಗಾಡಿಯಲ್ಲಿ ಈಗಲೂ ಕ್ಯಾಮರಾ ಇದೆ. ಹಳೆಯ ವಯರ್ ಕಿತ್ತು, ಫ್ಯೂಸ್ ಬಾಕ್ಸಿನಿಂದ ಹೊಸದಾಗಿ ಹಾಕಿಸಿದ್ದೇನೆ. ಯಾವ ಲೈನು, ಎಷ್ಟರ ಫ್ಯೂಸ್, ಯಾವ ತಾರೀಕು ಎಂದು ಒಂದು ಚೀಟಿಯಲ್ಲಿ ಬರೆದು ಆರ್.ಸಿ. ಪುಸ್ತಕದ ಜತೆ ಇಟ್ಟಿದ್ದೇನೆ. ವೋಚರ್ ಇಲ್ಲದೆ ಖಾತೆಯಿಂದ ಒಂದು ರೂಪಾಯಿಯನ್ನೂ ತೆಗೆಯಲು ಬಿಡದವನು, ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ವಯರ್ ಎಳೆಯಲು ಬಿಟ್ಟಿದ್ದೆ ಎಂಬುದು ಆ ಚೀಟಿ ನೋಡಿದಾಗಲೆಲ್ಲ ನೆನಪಾಗುತ್ತದೆ.