ಅಡುಗೆಮನೆಯ ಕಾಗದ: ಯಾವುದು ಯೋಗ್ಯ, ಯಾವುದು ವರ್ಜ್ಯ?

ಒಬ್ಬಟ್ಟು ತಟ್ಟಲು, ಕಡುಬು ಬೇಯಿಸಲು, ಬುತ್ತಿ ಕಟ್ಟಲು ನಮ್ಮ ಊರುಗಳಲ್ಲಿ ಬಾಳೆಯೆಲೆಯೊಂದಿದ್ದರೆ ಸಾಕಾಗಿತ್ತು. ಮುಂಬಯಿ, ಪುಣೆಗಳ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವ ನಮಗೆ ಹಿತ್ತಿಲೂ ಇಲ್ಲ, ಬಾಳೆಯೂ ಇಲ್ಲ. ಹಬ್ಬಕ್ಕೆ ಮಾರುಕಟ್ಟೆಯಿಂದ ಎಲೆ ತರಬಹುದಾದರೂ ನಿತ್ಯದ ಬಳಕೆಯಲ್ಲಿ ಅದರ ಸ್ಥಾನವನ್ನು ಕಾಗದ, ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಹಾಳೆಗಳು ಆಕ್ರಮಿಸಿವೆ. ಎಲೆಯನ್ನು ಆರಿಸಲು ಬಲ್ಲ ನಾವು ಕಾಗದವನ್ನು ಆರಿಸುವಾಗ ಮಾತ್ರ ಅಷ್ಟು ಎಚ್ಚರ ವಹಿಸುವುದಿಲ್ಲ.

ಮೊಟ್ಟಮೊದಲು ತ್ಯಜಿಸಬೇಕಾದುದು ವೃತ್ತಪತ್ರಿಕೆ. ಅದರ ಮಸಿಯಲ್ಲಿ ಖನಿಜತೈಲ, ವರ್ಣದ್ರವ್ಯಗಳು, ಕೆಲವೊಮ್ಮೆ ಸೀಸದಂತಹ ಲೋಹಗಳೂ ಇರುತ್ತವೆ. ಬಿಸಿಯೂ ಎಣ್ಣೆಯೂ ಸೇರಿದಲ್ಲಿ ಇವು ಸುಲಭವಾಗಿ ತಿಂಡಿಗೆ ಇಳಿಯುತ್ತವೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿ ಈ ಕುರಿತು ಎಚ್ಚರಿಕೆ ನೀಡಿತು. 2018ರ ನಿಯಮಗಳಲ್ಲಿ ಆಹಾರವನ್ನು ವೃತ್ತಪತ್ರಿಕೆಯಲ್ಲಿ ಸುತ್ತುವುದನ್ನೇ ನಿಷೇಧಿಸಿತು. ವಡಾಪಾವ್ ಮಾರುವವನನ್ನು ಆಕ್ಷೇಪಿಸುವ ನಾವೇ ಮನೆಯಲ್ಲಿ ಬಜ್ಜಿಯ ಎಣ್ಣೆ ಬಸಿಯಲು ನಿನ್ನೆಯ ಪತ್ರಿಕೆಯನ್ನು ಹರಡುತ್ತೇವಲ್ಲವೆ? ಆ ಕೆಲಸಕ್ಕೆ ತೂತಿನ ಸ್ಟೀಲ್ ತಟ್ಟೆಯೇ ಲೇಸು.

ಇನ್ನು ಅಂಗಡಿಯಲ್ಲಿ 'ಬಟರ್ ಪೇಪರ್' ಎಂದು ಕೇಳಿದರೆ ದೊರೆಯುವ ವಸ್ತು ಒಂದೇ ಬಗೆಯದಲ್ಲ. ಗೊಂದಲವಿರುವುದು ಇಲ್ಲಿಯೇ. ಮೇಣ ಲೇಪಿಸಿದ ಕಾಗದವು ತಣ್ಣಗಿನ ಪದಾರ್ಥವನ್ನು ಸುತ್ತಲು ಮಾತ್ರ ಯೋಗ್ಯ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಮೇಣ ಕರಗುವುದರಿಂದ ಒಲೆಗಾಗಲಿ ಓವನ್ನಿಗಾಗಲಿ ಅದು ಸಲ್ಲದು. ಎರಡನೆಯದು, ತಿರುಳನ್ನು ಬಹಳ ಹೊತ್ತು ಅರೆದು ನಾರುಗಳನ್ನು ಒತ್ತೊತ್ತಾಗಿಸಿ ತಯಾರಿಸಿದ ಜಿಡ್ಡುನಿರೋಧಕ ಕಾಗದ. ಇದು ಎಣ್ಣೆಯನ್ನು ತಡೆಯುತ್ತದೆ, ಆದರೆ ಹಸಿ ಹಿಟ್ಟು ಅಂಟಿಕೊಳ್ಳುತ್ತದೆ. ಮೂರನೆಯದೇ ಪಾರ್ಚ್‌ಮೆಂಟ್ ಕಾಗದ, ಅಥವಾ ಬೇಕಿಂಗ್ ಪೇಪರ್. ಮೂಲತಃ ಕಾಗದವನ್ನು ಗಂಧಕಾಮ್ಲದಲ್ಲಿ ಅದ್ದಿ, ತೊಳೆದು, ನೆನೆದರೂ ಹರಿಯದಂತೆ ಗಟ್ಟಿಗೊಳಿಸುವ ವಿಧಾನ ಇದರದು. ಅಡುಗೆಗಾಗಿ ಮಾರುವ ಹಾಳೆಗಳಿಗೆ ಸಾಮಾನ್ಯವಾಗಿ ಸಿಲಿಕೋನ್ ಲೇಪವಿರುತ್ತದೆ. ಹಿಟ್ಟು ಅಂಟದಿರುವುದು ಆ ಲೇಪದ ಗುಣದಿಂದ.

ಕೊಳ್ಳುವಾಗ ಪೊಟ್ಟಣದ ಮೇಲೆ ಸಿಲಿಕೋನ್ ಎಂಬ ಉಲ್ಲೇಖವನ್ನೂ ತಾಳಬಲ್ಲ ಉಷ್ಣತೆಯನ್ನೂ (ಸಾಮಾನ್ಯವಾಗಿ 220 ಡಿಗ್ರಿಯ ಆಸುಪಾಸು) ನೋಡಿಕೊಳ್ಳಬೇಕು. ಬಿಡಿಯಾಗಿ ಕೊಂಡ ಹಾಳೆಯನ್ನು ಉಗುರಿನಿಂದ ಗೀಚಿ ನೋಡಿರಿ. ಬಿಳಿಯ ಪುಡಿ ಎದ್ದರೆ ಅದು ಮೇಣ. ಕೆಲವು ಕಾಗದಗಳಿಗೆ ಜಿಡ್ಡು ತಡೆಯಲೆಂದು ಫ್ಲೋರಿನ್‌ಯುಕ್ತ ರಾಸಾಯನಿಕಗಳನ್ನು ಬಳಸುವುದುಂಟು. ಅವು ದೇಹದಲ್ಲಿ ದೀರ್ಘಕಾಲ ಉಳಿಯಬಲ್ಲವಾದ್ದರಿಂದ ಡೆನ್ಮಾರ್ಕ್ ದೇಶವು 2020ರಲ್ಲಿ ಆಹಾರದ ಕಾಗದಗಳಲ್ಲಿ ಅವನ್ನು ನಿಷೇಧಿಸಿತು. ಕಂದು ಬಣ್ಣದ ಹಾಳೆ ಬಿಳುಪುಗೊಳಿಸದ್ದೆಂಬುದಷ್ಟೇ ವಿಶೇಷ. ಅದೊಂದೇ ಕಾರಣಕ್ಕೆ ಹೆಚ್ಚು ಬೆಲೆ ತೆರಬೇಕಾಗಿಲ್ಲ.

ನಮ್ಮ ಅಡುಗೆಯಲ್ಲಿ ಇದರ ನಿಜವಾದ ಪ್ರಯೋಜನ ಅಕ್ಕಿರೊಟ್ಟಿಗೆ. ಹಾಲಿನ ಪ್ಲಾಸ್ಟಿಕ್ ಪೊಟ್ಟಣವನ್ನು ಕತ್ತರಿಸಿ, ಅದರ ಮೇಲೆ ತಟ್ಟಿ, ಕಾದ ಹಂಚಿಗೆ ಕವುಚುವ ರೂಢಿ ಅನೇಕರಲ್ಲಿದೆ. ಪ್ಲಾಸ್ಟಿಕ್ಕು ಹಂಚಿಗೆ ತಾಗಿದರೆ ಕರಗುವುದು ಖಂಡಿತ. ಸಿಲಿಕೋನ್ ಲೇಪದ ಹಾಳೆಯನ್ನು ಹಂಚಿಗಿಂತ ಚಿಕ್ಕದಾಗಿ ದುಂಡಗೆ ಕತ್ತರಿಸಿ, ಎಣ್ಣೆ ಸವರಿ, ರೊಟ್ಟಿ ತಟ್ಟಿ ಕವುಚಿರಿ. ಸ್ವಲ್ಪ ಬೆಂದ ಮೇಲೆ ಕಾಗದ ತಾನಾಗಿ ಬಿಡುತ್ತದೆ. ಅಂಚು ಹಂಚಿನಿಂದ ಹೊರಚಾಚಿದರೆ ಗ್ಯಾಸಿನ ಜ್ವಾಲೆ ತಗುಲಿ ಹೊತ್ತಿಕೊಳ್ಳುವ ಭಯವಿದೆ. ಒಬ್ಬಟ್ಟಿಗೂ ಇದೇ ಕ್ರಮ. ಆದರೆ ಪ್ರೆಶರ್ ಕುಕ್ಕರಿನೊಳಗೆ ಸಡಿಲ ಹಾಳೆಯನ್ನು ಎಂದೂ ಇಡಬಾರದು. ಆವಿಯೊಡನೆ ಮೇಲೆದ್ದು ರಂಧ್ರವನ್ನು ಮುಚ್ಚಿದರೆ ಅಪಾಯ.

ಊರಿಗೆ ಹೊರಡುವ ರೈಲುಪ್ರಯಾಣಕ್ಕೆ ಪುಳಿಯೋಗರೆಯನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಕಟ್ಟುವವರು ಗಮನಿಸಬೇಕು. ಹುಣಿಸೆಯ ಹುಳಿ ಆ ಲೋಹವನ್ನು ತಿನ್ನುತ್ತದೆ. ಒಳಗೆ ಪಾರ್ಚ್‌ಮೆಂಟ್ ಹಾಸಿ, ಅದರ ಹೊರಗೆ ಅಲ್ಯೂಮಿನಿಯಂ ಸುತ್ತಿದರೆ ಹುಳಿ ತಾಗುವುದಿಲ್ಲ. ರೊಟ್ಟಿ ತಟ್ಟಿದ ಹಾಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ ಎರಡು ಮೂರು ಬಾರಿ ಬಳಸಬಹುದು. ಕಂದಿ ಪೆಡಸಾದೊಡನೆ ಎಸೆಯತಕ್ಕದ್ದು.