ಅಂಚಿನ ಅಕ್ಷರಗಳನ್ನು ಮೊದಲು ಓದಿ

ಮನೆಯಲ್ಲೇ ತೊಳೆದ ನನ್ನ ಮೊದಲ ಕಲರ್ ರೀಲಿನಲ್ಲಿ ಒಂದೂ ಚಿತ್ರವಿರಲಿಲ್ಲ. ಉದ್ದಕ್ಕೂ ಕಿತ್ತಳೆ ಬಣ್ಣದ ಖಾಲಿ ಪಟ್ಟಿ. ಡೆವಲಪರ್ ಕೆಟ್ಟಿದೆ ಎಂದುಕೊಂಡು ಚೆಲ್ಲಿಬಿಟ್ಟೆ. ತಪ್ಪು ಅದರದ್ದಲ್ಲ ಎಂಬುದು ಫಿಲ್ಮಿನ ಅಂಚಿನಲ್ಲೇ ಬರೆದಿತ್ತು, ನಾನು ನೋಡಿರಲಿಲ್ಲ.

ಫಿಲ್ಮಿನ ಹೆಸರು, ಫ್ರೇಮ್ ಸಂಖ್ಯೆಗಳನ್ನು ಕಾರ್ಖಾನೆಯಲ್ಲೇ ಬೆಳಕು ಹಾಯಿಸಿ ಅಂಚಿನ ಮೇಲೆ ಮೂಡಿಸಿರುತ್ತಾರೆ. ಅವು ಕಣ್ಣಿಗೆ ಕಾಣಬೇಕಾದರೆ ಡೆವಲಪರ್ ಕೆಲಸ ಮಾಡಿರಲೇಬೇಕು. ಅಕ್ಷರಗಳು ಸ್ಪಷ್ಟವಾಗಿದ್ದು ಚಿತ್ರ ಮಾತ್ರ ಇಲ್ಲವೆಂದರೆ ಫಿಲ್ಮಿಗೆ ಕ್ಯಾಮೆರಾದಲ್ಲಿ ಬೆಳಕೇ ತಾಗಿಲ್ಲ. ನನ್ನ ರೀಲಿನ ತುದಿ ಕ್ಯಾಮೆರಾದ ಸ್ಪೂಲಿಗೆ ಸಿಕ್ಕಿಕೊಂಡೇ ಇರಲಿಲ್ಲ. ಅಕ್ಷರಗಳೂ ಇಲ್ಲದಿದ್ದರೆ ಆಗ ಡೆವಲಪರ್ ಸತ್ತಿದೆ, ಇಲ್ಲವೇ ಬಾಟಲಿ ಅದಲುಬದಲಾಗಿ ಬ್ಲಿಕ್ಸ್ ಮೊದಲು ಒಳಗೆ ಹೋಗಿದೆ.

ಬ್ಲಿಕ್ಸ್ ಎಂದರೆ ಬ್ಲೀಚ್ ಮತ್ತು ಫಿಕ್ಸರ್ ಎರಡೂ ಬೆರೆತ ದ್ರಾವಣ. ಮನೆಬಳಕೆಯ ಬಹಳಷ್ಟು ಕಿಟ್‌ಗಳಲ್ಲಿ ಬರುವುದು ಇದೇ. ಇದರ ಕೆಲಸ ತಿಳಿಯಲು ಫಿಲ್ಮಿನ ಒಳಗೊಮ್ಮೆ ಇಣುಕಬೇಕು. ಕಲರ್ ನೆಗೆಟಿವ್‌ನಲ್ಲಿ ನೀಲಿ, ಹಸಿರು, ಕೆಂಪು ಬೆಳಕನ್ನು ಹಿಡಿಯುವ ಪದರಗಳು ಒಂದರ ಕೆಳಗೊಂದು ಇರುತ್ತವೆ. ಬೆಳಕು ಬಿದ್ದ ಬೆಳ್ಳಿಯ ಲವಣವನ್ನು ಡೆವಲಪರ್ ಬೆಳ್ಳಿಯಾಗಿಸುತ್ತದೆ. ಹಾಗೆ ಮಾಡುತ್ತಾ ತಾನು ಉತ್ಕರ್ಷಣಗೊಂಡು, ಪದರದಲ್ಲಿ ಕಾದಿರುವ ಕಪ್ಲರ್ ಎಂಬ ವಸ್ತುವಿನೊಡನೆ ಸೇರಿ ಬಣ್ಣವಾಗುತ್ತದೆ. ನೀಲಿಯ ಪದರದಲ್ಲಿ ಹಳದಿ, ಹಸಿರಿನದರಲ್ಲಿ ಮಜೆಂಟಾ, ಕೆಂಪಿನದರಲ್ಲಿ ಸಯಾನ್. ಬಣ್ಣ ಹುಟ್ಟಿದ ಮೇಲೆ ಬೆಳ್ಳಿಗೆ ಅಲ್ಲಿ ಕೆಲಸವಿಲ್ಲ. ಬ್ಲೀಚ್ ಅದನ್ನು ಮತ್ತೆ ಲವಣವಾಗಿಸುತ್ತದೆ, ಫಿಕ್ಸರ್ ಕರಗಿಸಿ ಹೊರಹಾಕುತ್ತದೆ.

ಕೊಡಾಕ್ 1972ರಲ್ಲಿ ತಂದ ಸಿ-41 ಎಂಬ ಈ ವಿಧಾನದಲ್ಲಿ ಡೆವಲಪರ್‌ಗೆ ಗೊತ್ತುಮಾಡಿರುವುದು 37.8 ಡಿಗ್ರಿ ಸೆಲ್ಸಿಯಸ್, 3 ನಿಮಿಷ 15 ಸೆಕೆಂಡು. ಏರಿಳಿತಕ್ಕೆ ಇರುವ ಅವಕಾಶ 0.15 ಡಿಗ್ರಿ ಮಾತ್ರ. ಇಷ್ಟು ಬಿಗಿ ಯಾಕೆಂದರೆ ಡೆವಲಪರ್ ಮೇಲಿನ ಪದರವನ್ನು ಮೊದಲು ಮುಟ್ಟಿ, ಆಮೇಲೆ ತಳಕ್ಕೆ ಇಳಿಯುತ್ತದೆ. ಬಿಸಿ ತಪ್ಪಿದರೆ ಮೂರೂ ಪದರಗಳು ಒಂದೇ ಹದಕ್ಕೆ ಬೆಳೆಯುವುದಿಲ್ಲ. ಆಗ ನೆರಳಿಗೊಂದು ಬಣ್ಣದ ಛಾಯೆ, ಬೆಳಕಿಗೆ ಇನ್ನೊಂದು. ಚಿತ್ರ ಪೂರ್ತಿ ಒಂದೇ ಛಾಯೆಗೆ ವಾಲಿದ್ದರೆ ಕಂಪ್ಯೂಟರಿನಲ್ಲಿ ಸರಿಪಡಿಸಬಹುದು. ಹೀಗೆ ಎರಡಾಗಿ ಒಡೆದದ್ದನ್ನು ಸರಿಪಡಿಸುವುದು ತೀರಾ ಕಷ್ಟ. ಆದ್ದರಿಂದ ಹಣ ಖರ್ಚು ಮಾಡುವುದಿದ್ದರೆ ಒಳ್ಳೆಯ ಥರ್ಮಾಮೀಟರಿಗೆ ಮಾಡಿ. ಬಕೆಟ್ಟಿನ ಬಿಸಿನೀರಿನಲ್ಲಿ ಬಾಟಲಿಗಳ ಜೊತೆ ಖಾಲಿ ಟ್ಯಾಂಕನ್ನೂ ಬೆಚ್ಚಗೆ ಇಟ್ಟಿರಿ. ತಣ್ಣನೆಯ ಟ್ಯಾಂಕು ಸುರಿದ ಕೂಡಲೇ ಬಿಸಿಯನ್ನು ಹೀರಿಬಿಡುತ್ತದೆ.

ಇನ್ನೊಂದು ತೊಂದರೆ ನೋಡಲು ಭೀಕರ, ಪರಿಹಾರ ಮಾತ್ರ ಸುಲಭ. ನೆಗೆಟಿವ್ ಅತಿ ಗಾಢವಾಗಿ, ಕೆಸರು ಕದಡಿದಂತಿದ್ದು, ಸ್ಕ್ಯಾನ್ ಮಾಡಿದರೆ ಬಣ್ಣ ಸತ್ತು ಕಣಕಣವಾಗಿ ಕಂಡರೆ, ಹೋಗಬೇಕಾದ ಬೆಳ್ಳಿ ಒಳಗೇ ಉಳಿದಿರಬಹುದು. ಬ್ಲಿಕ್ಸ್ ಹಳತಾಗಿದ್ದರೆ, ತಣ್ಣಗಿದ್ದರೆ, ಸಮಯ ಸಾಲದಿದ್ದರೆ ಹೀಗಾಗುತ್ತದೆ. ಹಾಲಿನಂಥ ಮಬ್ಬು ಉಳಿದಿದ್ದರೆ ಫಿಕ್ಸರ್ ಸಾಲದಾಗಿದೆ ಎಂದರ್ಥ. ಎರಡಕ್ಕೂ ಮದ್ದು ಒಂದೇ: ಹೊಸ ಬ್ಲಿಕ್ಸ್‌ನಲ್ಲಿ ಮತ್ತೆ ಅದ್ದಿ, ಚೆನ್ನಾಗಿ ತೊಳೆಯುವುದು. ಕತ್ತಲೆಯೂ ಬೇಡ, ಹಗಲಲ್ಲೇ ಮಾಡಬಹುದು. ಹಾಳಾಯಿತೆಂದು ಎಸೆಯಬೇಕೆನಿಸಿದ ರೀಲನ್ನು ಒಮ್ಮೆ ಹೀಗೆ ಪರೀಕ್ಷಿಸಿ ನೋಡಿ.

ಫಿಲ್ಮಿನ ಅಂಚಿನ ರಂಧ್ರಗಳಿಂದ ಚಿತ್ರದೊಳಕ್ಕೆ ಹರಿದ ಗೆರೆಗಳು ಟ್ಯಾಂಕನ್ನು ಜೋರಾಗಿ ಕುಲುಕಿದ್ದರ ಗುರುತು. ಪುಟ್ಟ ದುಂಡು ಕಲೆಗಳು ಗಾಳಿಗುಳ್ಳೆಯವು. ಸುರಿದೊಡನೆ ಟ್ಯಾಂಕನ್ನು ಎರಡು ಸಲ ಮೇಜಿಗೆ ತಟ್ಟಿದರೆ ಬರುವುದಿಲ್ಲ. ಬೋರ್‌ವೆಲ್ ನೀರಿನ ಗಡಸುತನ ಒಣಗಿದ ಮೇಲೆ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಕಡೆಯ ದ್ರಾವಣವನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಕಲಸಿಕೊಳ್ಳಿ.

ಡೆವಲಪರ್‌ಗೆ ಗಾಳಿ ಶತ್ರು, ಬ್ಲಿಕ್ಸ್ ಇನ್ನೂ ದೊಡ್ಡ ಶತ್ರು. ಕೆಲವು ಹನಿ ಬ್ಲಿಕ್ಸ್ ಬಿದ್ದರೂ ಅದು ಕೆಡುತ್ತದೆ. ಅಳತೆ ಲೋಟ, ಆಲಿಕೆ ಎರಡಕ್ಕೂ ಬೇರೆ ಬೇರೆ ಇರಲಿ. ರೀಲಿನ ತುದಿಯಲ್ಲಿ ಕತ್ತರಿಸಿ ಬಿಸಾಡುವ ತುಂಡಿಗೆ ಮೊದಲೇ ಬೆಳಕು ಬಿದ್ದಿರುತ್ತದೆ. ಪ್ರತಿ ಸಲ ಆ ತುಂಡನ್ನು ಬಿಸಿ ಡೆವಲಪರಿಗೆ ಹಾಕಿ ಮೂರು ನಿಮಿಷ ಕಾಯಿರಿ. ಅದು ಕಪ್ಪಾಗದಿದ್ದರೆ ನಿಮ್ಮ ರೀಲನ್ನು ಆ ದ್ರಾವಣಕ್ಕೆ ಒಪ್ಪಿಸಬೇಡಿ.